ಮೊದಲ ಕಾಯಿ

ಚಿತ್ತೇಶ ತೆಂಗಿನ ಮರ ಮುಟ್ಟಿದ, ಕೈಯನ್ನು ಕಣ್ಣಿಗೊತ್ತಿಕೊಂಡ, ಬಾಯಿ ತೆರೆದ. ಹೆಸರು ಬರಲಿಲ್ಲ. ಸೊಂಟದ ಮಚ್ಚು ಸರಿಮಾಡಿಕೊಂಡು ಇನ್ನೊಮ್ಮೆ ಮುಟ್ಟಿದ, ಆಗಲೂ ಅಷ್ಟೆ. ತೋಟದ ಯಜಮಾನ ಮರುಳಸಿದ್ದಯ್ಯನವರು ಬದುವಿನ ಮೇಲೆ ಕೂತು ನೋಡುತ್ತಿದ್ದರು. "ಆಗಕಿಲ್ಲ ಕಣ್ರೀ, ನಾಳೆ ಬತ್ತೀನಿ" ಎಂದು ಚಿತ್ತೇಶ ಕಾಲಿನ ಹಗ್ಗ ಬಿಚ್ಚಿದ. ಹೊನ್ನವಳ್ಳಿ ಸುತ್ತಿನಲ್ಲಿ ಮರ ಹತ್ತುವುದರಲ್ಲಿ ಎತ್ತಿದ ಕೈ ಎನಿಸಿಕೊಂಡವನು ಹೀಗೆ ಬುಡದಿಂದಲೇ ವಾಪಸು ಹೋಗುವುದು ಈಚೆಗೆ ಊರವರಿಗೆ ತಮಾಷೆಯಾಗಿತ್ತು. ಮನೆಯಲ್ಲಿ ಒಲೆ ಉರಿಯುವುದು ಕಷ್ಟವಾಗಿತ್ತು.

ಹೆಸರು ಹೇಳದೆ ಮರ ಹತ್ತುವ ಪದ್ಧತಿ ಅವರ ಮನೆತನದಲ್ಲಿಲ್ಲ. ಮನೆದೇವರ ಹೆಸರು ಹೇಳಿ ಹತ್ತಬೇಕು, ಅದೇ ಹೆಸರು ಕೂಗಿ ಮೊದಲ ಕಾಯಿ ಕೆಡವಬೇಕು, ಕೆಳಗಿದ್ದವರು ಅದನ್ನು ರಾಶಿಗೆ ಸೇರಿಸದೆ ಬೇರೆ ಎತ್ತಿಡಬೇಕು. ಅಣ್ಣ ಜುಂಜಣ್ಣ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿದವನೇ. ಆದರೂ ಕೆಲವು ತಿಂಗಳ ಹಿಂದೆ ಅರಳಗುಪ್ಪೆಯ ತೋಟದಲ್ಲಿ ಮರದ ತುದಿಯಿಂದ ಬಿದ್ದ. ಜೀವವೇನೋ ಉಳಿಯಿತು, ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಅಂದಿನಿಂದ ಆ ಹೆಸರು ಚಿತ್ತೇಶನ ನಾಲಿಗೆಗೆ ಬಾರದು. ಹಾಗಂತ ದೇವರೇ ಇಲ್ಲವೆನ್ನಲು ಅವನ ಮನಸ್ಸು ಒಪ್ಪಲಿಲ್ಲ. ಇರುವವನು ಒಬ್ಬನೇ ಇರಬೇಕು, ನಾವೇ ತಪ್ಪು ಹೆಸರು ಹಿಡಿದು ಕೂಗುತ್ತಿದ್ದೇವೆ ಎಂದುಕೊಂಡು, ಸರಿಯಾದವನನ್ನು ಹುಡುಕಲು ಹೊರಟ.

ತಿಪಟೂರಿನ ಕೊಬ್ಬರಿ ವ್ಯಾಪಾರದ ಸಾಬರು ಒಂದು ಶುಕ್ರವಾರ ಅವನನ್ನು ಮಸೀದಿಗೆ ಕರೆದೊಯ್ದರು. ಅಲ್ಲಿ ವಿಗ್ರಹವಿಲ್ಲ, ಮಂಗಳಾರತಿಯಿಲ್ಲ. ಮಂಡಿ ಮಾಲೀಕನೂ ಹಮಾಲಿಯೂ ಒಂದೇ ಸಾಲಿನಲ್ಲಿ ಹಣೆ ನೆಲಕ್ಕಿಟ್ಟಾಗ ಬಾಗಿಲಲ್ಲಿ ನಿಂತಿದ್ದ ಚಿತ್ತೇಶನ ಮೈ ಜುಮ್ಮೆಂದಿತು. ಪೇಟೆಯ ಚರ್ಚಿನ ಪಾದ್ರಿಗಳು, ಆ ಒಬ್ಬನೇ ದೇವರು ಮನುಷ್ಯನಾಗಿ ಬಂದು ನಮ್ಮಂತೆಯೇ ನೋವು ತಿಂದ ಎಂದಾಗ ಅಣ್ಣನ ನೆನಪಾಗಿ ಕಣ್ಣು ತುಂಬಿತು. ಮರುಳಸಿದ್ದಯ್ಯನವರು ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡು, ಅಷ್ಟು ದೊಡ್ಡವನು ಇಷ್ಟರಲ್ಲೇ ಇದ್ದಾನೆ ಎಂದರು. ಎಲ್ಲ ಕಡೆಯೂ ತನಗಿಂತ ದೊಡ್ಡದೇನೋ ಎದುರು ನಿಂತಂತಾಯಿತು. ಆದರೆ ಅಣ್ಣ ಬೀಳುವಾಗ ಕೈಚಾಚಿ ಹಿಡಿಯದವನು ಇವರಲ್ಲಿ ಯಾರು? ಆ ಪ್ರಶ್ನೆ ಅವನನ್ನು ಯಾವ ಬಾಗಿಲ ಒಳಗೂ ಬಿಡಲಿಲ್ಲ.

ಮರದ ಬುಡದಿಂದಲೇ ವಾಪಸು ಬಂದ ಆ ಸಂಜೆ ಅಣ್ಣನಿಗೆ ಮಗ್ಗುಲು ಬದಲಿಸಿ ಮಲಗಿಸುವಾಗ, ಇಷ್ಟು ದಿನ ಹೆದರಿ ಕೇಳದಿದ್ದುದನ್ನು ಕೇಳಿಯೇಬಿಟ್ಟ.

"ಬೀಳುವಾಗ ಯಾರ್ನ ಕೂಗ್ದೆ ಅಣ್ಣಾ?"

ಜುಂಜಣ್ಣ ಸೂರು ನೋಡುತ್ತ, "ಕೂಗ್ಲೇ ಇಲ್ಲ ಕಣ್ಲಾ. ಕೂಗೋವಷ್ಟು ದೂರ ಇರ್ಲಿಲ್ಲ ಅವ್ನು" ಎಂದ.

ಚಿತ್ತೇಶ ಅಣ್ಣನ ಮುಖದತ್ತ ಬಾಗಿದ.

"ನಾನು ಬೀಳ್ತಿದ್ದೆ, ಜೊತೇಲೇ ಅವ್ನೂ ಬತ್ತಿದ್ದ. ಭಯ್ವೇ ಆಗ್ಲಿಲ್ಲ."

"ಯಾರಣ್ಣ ಅವ್ನು?"

"ಹೆಸ್ರು ಕೇಳಾಕೆ ಟೈಮೆಲ್ಲಿತ್ತು ಬುಡು" ಎಂದು ಜುಂಜಣ್ಣ ನಕ್ಕ. ಬಿದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಚಿತ್ತೇಶನ ಕೈ ಅಣ್ಣನ ಬೆನ್ನಿನ ಕೆಳಗೆ ಹಾಗೇ ಉಳಿಯಿತು.

ಬೆಳಿಗ್ಗೆ ತೋಟಕ್ಕೆ ಬಂದವನು ಮರ ಮುಟ್ಟಿ ಕಣ್ಣಿಗೊತ್ತಿಕೊಂಡ. "ಹತ್ತೀನಿ ಕಣಪ್ಪ" ಎಂದಷ್ಟೇ ಹೇಳಿ ಹತ್ತಿದ. ಮಾತು ಯಾರಿಗೆ ಹೇಳಿದ್ದೆಂದು ಮರುಳಸಿದ್ದಯ್ಯನವರಿಗೆ ತಿಳಿಯಲಿಲ್ಲ.

ಮೇಲೆ ಮರ ಗಾಳಿಗೆ ತೂಗುತ್ತಿತ್ತು. ಕಣ್ಣು ಹಾಯುವವರೆಗೂ ತೆಂಗಿನ ತಲೆಗಳು, ಒಂದೊಂದರ ಮೇಲೂ ಎಳೆಬಿಸಿಲು. ಮೊದಲು ದಿನವೂ ನೋಡುತ್ತಿದ್ದದ್ದೇ, ಇವತ್ತು ಮಾತ್ರ ಕಣ್ಣು ಕೀಳಲಾಗಲಿಲ್ಲ. ಬೆನ್ನ ಹಿಂದಿನ ಬಯಲು ಬರಿದಾಗಿಲ್ಲ ಎನಿಸಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಮಚ್ಚು ಬೀಸಿ ಮೊದಲ ಕಾಯಿ ಕೆಡವಿದ.

ಮರುಳಸಿದ್ದಯ್ಯನವರು ಅದನ್ನು ಎತ್ತಿಕೊಂಡು, "ಯಾರ ಹೆಸ್ರಿಗ್ಲಾ ಇದು?" ಎಂದು ಕೇಳಿದರು.

"ಇನ್ನೂ ಕೇಳಿಲ್ಲ ಕಣ್ರೀ. ಹಂಗೇ ಹಿಡ್ಕಂಡಿರಿ."

ಯಜಮಾನರು ಕಾಯಿಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ಕತ್ತೆತ್ತಿ ಮೇಲೆ ನೋಡುತ್ತ ನಿಂತರು.