ಮೂರನೆಯ ಒಪ್ಪಿಗೆ

ಅಜ್ಜಿ ಹೋದ ಮೇಲೂ ಅವಳ ಫೋನನ್ನು ನಾನು ಚಾರ್ಜಿಗೆ ಹಾಕುತ್ತಲೇ ಇದ್ದೆ.

ಚಾಮರಾಜಪುರಂನ ನಮ್ಮ ಮನೆಯಲ್ಲಿ ಹಾಡು ಹೇಳಿಕೊಳ್ಳಲು ಸೇರುತ್ತಿದ್ದವರು ಮೂವರು: ನನ್ನಜ್ಜಿ ಸುಂದರಮ್ಮ, ಅವಳ ಗೆಳತಿಯರಾದ ಅಂಬುಜಮ್ಮ ಮತ್ತು ದಾಕ್ಷಾಯಣಮ್ಮ. ಕಾಲೇಜಿನ ಕೊನೆಯ ವರ್ಷ ಅವರ ಫೋನುಗಳಿಗೆ ಬ್ಲಾಕ್‌ಚೈನಿನಲ್ಲಿ ನಡೆಯುವ ಒಂದು ಗುರುತಿನ ಆ್ಯಪ್ ಹಾಕಿಕೊಟ್ಟಿದ್ದೆ. ರೆಕಾರ್ಡ್ ಮಾಡಿದ ಹಾಡುಗಳನ್ನೂ ಅದರೊಳಗೆ ಬೀಗ ಹಾಕಿ ಇಡಬಹುದಿತ್ತು. ಗುರುತು ಕೊಡಲು ಅಲ್ಲಿ ಕಚೇರಿಯಿಲ್ಲ, ಅಧಿಕಾರಿಯಿಲ್ಲ. ಫೋನ್ ಹಾಳಾದರೆ, ನಾವು ಆರಿಸಿಕೊಂಡ ಮೂವರೂ 'ಇವರು ಅವರೇ' ಎಂದು ತಮ್ಮ ಫೋನಿನಿಂದ ಒಪ್ಪಬೇಕು. ತೀರಿಕೊಂಡರೂ ಅಷ್ಟೇ, ಮೂವರೂ ಒಪ್ಪಬೇಕು. ಇವರು ಮಕ್ಕಳನ್ನು ಬಿಟ್ಟು ಒಬ್ಬರನ್ನೊಬ್ಬರು ಆರಿಸಿಕೊಂಡರು. ಕಡಿಮೆ ಬಿದ್ದ ಒಂದು ಜಾಗಕ್ಕೆ ನನ್ನನ್ನು ಸೇರಿಸಿದರು.

ಅಜ್ಜಿಯ ಸಾವಿಗೆ ಅವರಿಬ್ಬರೂ ಒಪ್ಪಿಗೆ ಒತ್ತಿದ್ದರು. ನನಗೆ ಒತ್ತಲಾಗಿರಲಿಲ್ಲ. ಹಾಗಾಗಿ ಆ್ಯಪಿನಲ್ಲಿ ಅಜ್ಜಿ ಇನ್ನೂ ಬದುಕಿದ್ದಳು.

"ಬಟ್ಟೆ ಜೊತೆ ಫೋನೂ ನೆನೆಸ್ಬುಟ್ಟವ್ಳೆ. ಇಸ್ತ್ರಿನೂ ಮಾಡಿಸ್ಬೇಕಿತ್ತು," ಎಂದು ಅಂಬುಜಮ್ಮ ಒಂದು ದಿನ ಗೆಳತಿಯನ್ನು ಹಂಗಿಸುತ್ತಲೇ ಒಳಬಂದರು.

ಹಿಂದೆಯೇ ಬಂದ ದಾಕ್ಷಾಯಣಮ್ಮ ನಗಲಿಲ್ಲ. "ಹೊಸ ಫೋನೇನೋ ಬಂತು ಕಣೇ. ಸುಂದರಿ ಹಾಡಿದ್ದೆಲ್ಲ ಆ ಆ್ಯಪೊಳಗೇ ಇದೆ. ನಾನು ಯಾರು ಅಂತ ಕೇಳುತ್ತೆ, ತೆಗೆಯೋದೇ ಇಲ್ಲ."

ಹಾಡುಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದವರು ದಾಕ್ಷಾಯಣಮ್ಮ ಮಾತ್ರ; ಅಜ್ಜಿಯ ದನಿ ಬೇರೆಲ್ಲೂ ಉಳಿದಿರಲಿಲ್ಲ.

"ಲಹರಿ, ನಿಮ್ಮಜ್ಜಿ ಫೋನಿಂದ ಒತ್ತಮ್ಮ," ಎಂದರು ಅಂಬುಜಮ್ಮ.

"ಸತ್ತೋಳ ಕೈಲಿ ಸಾಕ್ಷಿ ಹೇಳಿಸೋದಾ?" ದಾಕ್ಷಾಯಣಮ್ಮ ಹಿಂಜರಿದರು.

"ಇದ್ದಿದ್ರೆ ಇಲ್ಲ ಅಂತಿದ್ಲಾ? ಸುಮ್ನಿರು."

ಅಜ್ಜಿಯ ಪಿನ್ ನನಗೆ ಗೊತ್ತಿತ್ತು. ಅವಳ ಫೋನಿನಿಂದ ಒತ್ತಿದೆ, ಆಮೇಲೆ ನನ್ನದರಿಂದ. ಅಂಬುಜಮ್ಮ ಕನ್ನಡಕ ಹುಡುಕಿ ತಮ್ಮದನ್ನು ಒತ್ತಿದರು.

ಬೀಗ ತೆರೆಯಿತು. ದಾಕ್ಷಾಯಣಮ್ಮ ಒಂದು ಹಾಡು ಹಾಕಿದರು. ಚರಣದ ನಡುವೆ ಅಜ್ಜಿ ಥಟ್ಟನೆ ನಿಲ್ಲಿಸಿ, "ಲಹರಿ, ಹಾಲು ನೋಡೇ, ಉಕ್ಕತ್ತೆ," ಎಂದಳು.

ನಾನು ಅರ್ಧ ಎದ್ದುಬಿಟ್ಟಿದ್ದೆ. ಒಲೆ ಹಚ್ಚಿರಲೇ ಇಲ್ಲ. ಹಾಡು ಮುಗಿಯಿತು.

ದಾಕ್ಷಾಯಣಮ್ಮ ನನ್ನ ಬೆನ್ನ ಮೇಲೆ ಕೈಯಿಟ್ಟರು. "ನನಗೋಸ್ಕರ ಇಷ್ಟು ದಿನ ಕಾದ್ಲು ಅಂದ್ಕೊಳ್ಳೋಣ. ಇನ್ನು ಕಳಿಸ್ಕೊಡು ಕಣಮ್ಮ."

ನನ್ನ ಫೋನಿನಲ್ಲಿ ಆ ಪ್ರಶ್ನೆ ಹಾಗೇ ಇತ್ತು: 'ಸುಂದರಮ್ಮ ತೀರಿಕೊಂಡಿದ್ದಾರೆ. ಒಪ್ಪುತ್ತೀರಾ?'

ಒಪ್ಪಿದೆ. ಸ್ವಲ್ಪ ಹೊತ್ತಿಗೆ ಅಜ್ಜಿಯ ಫೋನಿನಿಂದ ಅವಳ ಹೆಸರು ಹೋಯಿತು.

ದಾಕ್ಷಾಯಣಮ್ಮ ಹಾಡನ್ನು ಮತ್ತೆ ಮೊದಲಿಂದ ಹಾಕಿದರು. ಹಾಲಿನ ಮಾತು ಬರುವ ಮುಂಚೆಯೇ ನಾನು ಎದ್ದು ಅಡುಗೆಮನೆಗೆ ಹೋದೆ.