ಬೂಟಿನ ದೃಶ್ಯ

ಲೈಲ್ ಬ್ರಾನಕ್‌ಗೆ ಚಿತ್ರ ನಿರ್ದೇಶಕರೆಲ್ಲ ಸೇರಿ ಸನ್ಮಾನದ ಊಟ ಹಾಕುತ್ತಾರೆ, ನೀವು ಅವರ ಪಕ್ಕದ ಕುರ್ಚಿಯಲ್ಲೇ ಕೂರಬೇಕು ಎಂದು ಪತ್ರ ಬಂತು. ಲೈಲ್‌ನದು ನಲವತ್ತು ವರ್ಷ, ನಲವತ್ತಮೂರು ಚಿತ್ರ. ಗೂಂಡಾಗಳ ಕತೆ ಮಾಡಿದ, ಹಾಡು ಕುಣಿತದ್ದು ಮಾಡಿದ, ಯುದ್ಧದ್ದು, ನಗೆಯದ್ದು, ದೆವ್ವದ್ದು, ಕೋರ್ಟಿನದ್ದು. ಯಾವುದಕ್ಕೆ ಕೈ ಹಾಕಿದರೂ ಹುಟ್ಟಿದಾಗಿನಿಂದ ಅದನ್ನೇ ಮಾಡುತ್ತಿದ್ದವನ ಹಾಗೆ ಮಾಡಿದ. ನಾನು, ಡೆಲ್ಮರ್ ಪೈಕ್, ಮೂವತ್ತೊಂದು ಚಿತ್ರ ಮಾಡಿದ್ದೇನೆ. ಮೂವತ್ತೊಂದರಲ್ಲೂ ಕುದುರೆ.

ಕೌಬಾಯ್ ಚಿತ್ರವೊಂದನ್ನು ಮಾತ್ರ ಲೈಲ್ ಮುಟ್ಟಲಿಲ್ಲ. ಹಾಗಂತ ಜನ ನಂಬಿದ್ದಾರೆ. ನಿಜ ಗೊತ್ತಿರುವುದು ಈಗ ಇಬ್ಬರಿಗೆ, ಅವನಿಗೆ ಮತ್ತು ನನಗೆ.

ನಲವತ್ತಾರನೇ ಇಸವಿಯಲ್ಲಿ ನಾನೊಂದು ಚಿತ್ರ ಮುಗಿಸಿದೆ. ಅದರ ಕೊನೆಗೆ, ಗಂಡನನ್ನು ಕೊಂದವನು ಬರಿಗಾಲಲ್ಲಿ ಬಾಗಿಲಿಗೆ ಬಂದಾಗ ಮುದುಕಿಯೊಬ್ಬಳು ಸತ್ತ ಗಂಡನ ಬೂಟನ್ನೇ ಅವನಿಗೆ ಕೊಡುತ್ತಾಳೆ. ನಾನು ಅವಳಿಂದ ನಾಲ್ಕು ಪುಟ ಮಾತಾಡಿಸಿ, ಗೋಳೋ ಎಂದು ಅಳಿಸಿದ್ದೆ. ಸ್ಟುಡಿಯೋ ಯಜಮಾನನಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ನನ್ನನ್ನು ಮುಂದಿನ ಚಿತ್ರಕ್ಕೆ ಅರಿಜೋನಾಕ್ಕೆ ಅಟ್ಟಿಯಾಗಿತ್ತು. ಪಕ್ಕದ ಶೆಡ್ಡಿನಲ್ಲಿ ಹಾಡಿನ ಚಿತ್ರ ಮುಗಿಸಿ ಖಾಲಿ ಕೂತಿದ್ದ ಲೈಲ್‌ನನ್ನು ಕರೆದು, ಒಂದು ಮಧ್ಯಾಹ್ನದಲ್ಲಿ ಆ ದೃಶ್ಯವನ್ನು ಮತ್ತೆ ತೆಗೆಸಿದರು. ಅವನು ತೆಗೆದದ್ದರಲ್ಲಿ ಒಂದೇ ಒಂದು ಮಾತಿಲ್ಲ. ಮುದುಕಿ ಬೂಟಿನ ಧೂಳನ್ನು ಸೊಂಟಕ್ಕೆ ಕಟ್ಟಿದ ಏಪ್ರನ್ನಿನಿಂದ ಒರೆಸಿ ಹೊಸ್ತಿಲ ಮೇಲಿಡುತ್ತಾಳೆ, ಅಷ್ಟೇ.

ಆ ಕಾಲದಲ್ಲಿ ನಮ್ಮಲ್ಲೊಂದು ಕಟ್ಟಳೆಯಿತ್ತು. ಚಿತ್ರ ಶುರುಮಾಡಿದವನದೇ ಹೆಸರು, ನಡುವೆ ಬಂದು ಕೈ ಹಾಕಿದವನು ಬಾಯಿ ಬಿಡಬಾರದು. ಲೈಲ್ ಇಪ್ಪತ್ತೈದು ವರ್ಷ ಬಾಯಿ ಬಿಡಲಿಲ್ಲ. ನನ್ನ ಮುಂದೆಯೂ ಬಿಡಲಿಲ್ಲ. ಕ್ಯಾಮೆರಾದವನು ಹೇಳಿದ್ದರಿಂದ ನನಗೆ ಗೊತ್ತಾಯಿತು, ಅವನೂ, ಆ ದಿನ ಅಲ್ಲಿದ್ದ ಉಳಿದವರೂ ಈಗಿಲ್ಲ.

ಜನ ನನ್ನನ್ನು ಗುರುತಿಸುವುದೇ ಆ ದೃಶ್ಯದಿಂದ. ಕಾಲೇಜುಗಳಿಗೆ ಕರೆಸಿ ಪಾಠ ಹೇಳಿಸುತ್ತಾರೆ. ಮುದುಕಿಯ ಮುಖ ತೋರಿಸದೆ ಬೆನ್ನ ಹಿಂದಿನಿಂದ ಯಾಕೆ ತೆಗೆದೆ ಎಂದು ನಾನು ಒಂದು ಗಂಟೆ ಕೊರೆಯುತ್ತೇನೆ. ದುಃಖಕ್ಕೆ ಮುಖವಿಲ್ಲ, ಇತ್ಯಾದಿ. ನಿಜವಾದ ಕಾರಣ ಬೇರೆ. ಆ ನಟಿ ಅಷ್ಟರಲ್ಲಿ ಊರು ಬಿಟ್ಟಿದ್ದಳು, ಲೈಲ್ ಬಟ್ಟೆ ಹೊಲಿಯುವ ವಿಭಾಗದ ಹೆಂಗಸಿಗೆ ವೇಷ ಹಾಕಿ ನಿಲ್ಲಿಸಿದ್ದ.

ಪತ್ರ ಓದಿ ನಾನು ಹೋಗುವುದಿಲ್ಲ ಎಂದೆ. ನನ್ನ ಹೆಂಡತಿ ನೆಟ್ಟಿ ಪತ್ರ ಕಿತ್ತುಕೊಂಡಳು.

"ಹೋಗದಿದ್ರೆ ನಿಂಗೆ ಹೊಟ್ಟೆ ಉರಿ ಅಂತ ಎಲ್ರಿಗೂ ಗೊತ್ತಾಗುತ್ತೆ. ಹೋದ್ರೂ ನಿನ್ನ ಮುಖ ನೋಡಿ ಗೊತ್ತಾಗುತ್ತೆ. ಹೋಗೋದೇ ವಾಸಿ ಡೆಲ್, ಊಟನಾದ್ರೂ ಸಿಗುತ್ತೆ."

ನೆಟ್ಟಿಯನ್ನೂ ಕರೆದುಕೊಂಡು ಹೋದೆ. ಬೆವರ್ಲಿ ಹಿಲ್ಸ್‌ನ ಹೋಟೆಲು, ಇನ್ನೂರು ಜನ, ತಣ್ಣಗಾದ ಕೋಳಿ. ಲೈಲ್‌ನ ಚಿತ್ರಗಳ ತುಣುಕು ಒಂದಾದ ಮೇಲೊಂದು ತೋರಿಸಿದರು. ಪ್ರತಿಯೊಂದರಲ್ಲೂ ತಪ್ಪು ಹುಡುಕಿದೆ. ಎರಡು ಸಿಕ್ಕವು, ಎರಡೂ ಬೆಳಕಿನವನ ತಪ್ಪು.

ಆಮೇಲೆ ಪ್ರಶ್ನೆ ಕೇಳಲು ಪತ್ರಿಕೆಯ ಮಿಸ್ ಹಾರ್ಗ್ರೇವ್ ಎದ್ದಳು. "ಬ್ರಾನಕ್ ಅವರೇ, ಎಲ್ಲಾ ಥರದ ಚಿತ್ರ ಮಾಡಿದ್ರಿ. ಕೌಬಾಯ್ ಚಿತ್ರ ಮಾತ್ರ ಯಾಕೆ ಮಾಡ್ಲಿಲ್ಲ?"

ಲೈಲ್ ನನ್ನ ಕಡೆ ತಿರುಗಿದ. ಅವನು ಒಂದು ಮಾತು ಆಡಿದರೆ ಮುಗಿಯಿತು. ನಾನು ಸತ್ತ ದಿನ ಪತ್ರಿಕೆಯವರಿಗೆ ಬರೆಯಲು ಆ ಬೂಟು ಬಿಟ್ಟರೆ ಇನ್ನೇನೂ ಇಲ್ಲ.

"ಡೆಲ್ ಇದ್ದನಲ್ಲಮ್ಮ," ಎಂದ ಲೈಲ್. "ಆ ಮುದುಕಿ ಬೂಟು ಕೊಡೋದು ನೋಡಿದ್ದೀರಲ್ಲ? ಅದನ್ನ ನೋಡಿದ್ಮೇಲೆ ಕುದುರೆ ಹತ್ರ ಸುಳಿಯೋಕೂ ನಂಗೆ ಧೈರ್ಯ ಬರ್ಲಿಲ್ಲ. ಅಂಥದ್ದು ನನ್ನ ಕೈಲಿ ಆಗೋದಲ್ಲ."

ಇನ್ನೂರು ಜನ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಬದುಕಿದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಮೈಯೆಲ್ಲ ಉರಿಯಿತು. ನನ್ನ ಬದುಕಿನಲ್ಲಿರುವುದು ಅದೊಂದೇ. ಅವನೋ, ಅದನ್ನು ಕೊಟ್ಟುಬಿಟ್ಟು ಏನೂ ಕೊಡದವನ ಹಾಗೆ ಕೋಳಿ ಕತ್ತರಿಸುತ್ತ ಕೂತಿದ್ದಾನೆ. ಅವನ ಕೈಯಿಂದ ಇದನ್ನು ದಾನ ಪಡೆದು ಇಟ್ಟುಕೊಳ್ಳುವುದಕ್ಕಿಂತ ಎಲ್ಲ ಹೋಗಲಿ ಅನ್ನಿಸಿ ಎದ್ದು ನಿಂತೆ.

"ಅದು ನನ್ನದಲ್ಲ, ಲೈಲ್ ತೆಗೆದದ್ದು, ನಲವತ್ತಾರನೇ ಇಸವಿ, ಒಂದೇ ಮಧ್ಯಾಹ್ನದಲ್ಲಿ, ನಾನು ಆಗ ಅರಿಜೋನಾದಲ್ಲಿದ್ದೆ!"

ಇಡೀ ಕೋಣೆ ನಕ್ಕಿತು. ಜನ ಕುರ್ಚಿ ಸರಿಸಿ ಎದ್ದು ನಿಂತು, ಮೊದಲಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು.

"ನೋಡಿದ್ರಾ," ಎಂದಳು ಮಿಸ್ ಹಾರ್ಗ್ರೇವ್, ಕಣ್ಣು ಒರೆಸಿಕೊಳ್ಳುತ್ತ. "ಇಬ್ರೂ ನಂದಲ್ಲ ನಂದಲ್ಲ ಅಂತ ಒಬ್ಬರಿಗೊಬ್ಬರು ಬಿಟ್ಟುಕೊಡ್ತಿದ್ದಾರೆ. ಇಂಥ ದೊಡ್ಡತನ ಈಗ ಎಲ್ಲಿದೆ?"

"ನಾನು ಹೇಳ್ತಿರೋದು ನಿಜ ಕಣ್ರೀ!" ಎಂದು ಮೇಜು ಗುದ್ದಿದೆ. ಚಪ್ಪಾಳೆ ಇನ್ನೂ ಜೋರಾಯಿತು. ನೆಟ್ಟಿ ಮಾತ್ರ ಕೈ ತಟ್ಟದೆ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಈ ವಿಷಯ ನಾನು ಹೇಳಿರಲಿಲ್ಲ.

ಲೈಲ್ ನನ್ನ ಕೋಟಿನ ತೋಳು ಹಿಡಿದು ಕೂರಿಸಿದ. ಚಪ್ಪಾಳೆಯ ನಡುವೆ ಕಿವಿಯ ಹತ್ತಿರ ಬಗ್ಗಿದ.

"ತುಂಬಾ ಜಾಸ್ತಿ ಹೇಳ್ಬಿಟ್ಟೆ ಮಾರಾಯ. 'ನನ್ನದಲ್ಲ' ಅಂದು ಅಲ್ಲಿಗೆ ನಿಲ್ಲಿಸಬೇಕಿತ್ತು. ಸುಮ್ನೆ ತಲೆ ತಗ್ಗಿಸಿ ಕೂತ್ಕೊಂಡಿದ್ರೆ ಎಲ್ರೂ ನಂಬ್ತಿದ್ರು."

ಜನ ಕೂರುವಷ್ಟರಲ್ಲಿ ನಾನು ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ, ಅವನು ಹೇಳಿದ ಹಾಗೆ ಹೇಳಿ ನೋಡಿದೆ. ನಂಬುತ್ತಿದ್ದರು.