ಐದಕ್ಕೆ ಐದು ಹೆಸರು

ಆ ಭಾನುವಾರ ಮಧ್ಯಾಹ್ನ ಬೈಲಹೊಂಗಲದ ವ್ಯಾಯಾಮಶಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಟೀವಿಯಲ್ಲಿ ಮಹಿಳಾ ಕಬಡ್ಡಿ ಲೀಗಿನ ಡ್ರಾಫ್ಟ್ ನೇರವಾಗಿ ಬರುತ್ತಿತ್ತು. ಲೀಗಿನ ಒಂದೊಂದು ತಂಡವೂ ತನ್ನ ಸೀಮೆಯ ಕಾಲೇಜು ಹುಡುಗಿಯರಲ್ಲಿ ಐವರನ್ನು ಆರಿಸಿಕೊಳ್ಳುವ ದಿನ ಅದು. ಈ ಸೀಮೆಯ ತಂಡದ ಹೆಸರು ಮಲಪ್ರಭಾ ಪಡೆ. ಕಿತ್ತೂರು, ಸವದತ್ತಿ, ರಾಮದುರ್ಗ, ಬೈಲಹೊಂಗಲ ಎಲ್ಲ ಸೇರಿ ಅರವತ್ತು ಹುಡುಗಿಯರು ಹೆಸರು ಕೊಟ್ಟಿದ್ದರು. ಡಿಗ್ರಿ ಮುಗಿಸಿದವರಿಗೆ ಡ್ರಾಫ್ಟ್ ಇಲ್ಲ. ಕೊನೆಯ ವರ್ಷದವರಿಗೆ ಇದೇ ಕೊನೆಯ ಸಲ.

ಜನ ಬಂದದ್ದು ಟೀವಿ ನೋಡಲು ಮಾತ್ರವಲ್ಲ, ಶೈಲಜಾಳನ್ನು ನೋಡಲು ಕೂಡ. ಶೈಲಜಾ ಹೈಸ್ಕೂಲಿನ ಆಟದ ಟೀಚರು, ಮೂವತ್ತಾರು ವಯಸ್ಸು. ಒಂದು ಕಾಲಕ್ಕೆ ಯೂನಿವರ್ಸಿಟಿ ತಂಡಕ್ಕೆ ಆಡಿದವಳು. ಭುಜ ಜಾರಿದ ಮೇಲೆ ಆಟ ಬಿಟ್ಟಿದ್ದಳು. ನಾಲ್ಕು ವರ್ಷದಿಂದ ಡ್ರಾಫ್ಟಿಗೆ ಒಂದು ವಾರ ಮುಂಚೆ, ಮಲಪ್ರಭಾ ಪಡೆ ಯಾರನ್ನು ಆರಿಸುತ್ತದೆ ಎಂದು ಮೊಬೈಲಿನಲ್ಲಿ ವಿಡಿಯೋ ಮಾಡಿ ಪಟ್ಟಿ ಹಾಕುತ್ತಿದ್ದಳು. ಮೊದಲ ವರ್ಷ ಮೂರು ಹೆಸರು ಸರಿಯಾದವು, ಮರುವರ್ಷ ನಾಲ್ಕು, ಹೋದ ವರ್ಷ ಐದಕ್ಕೆ ಐದು. ಅಂದಿನಿಂದ ಪೇಟೆಯಲ್ಲಿ ಅವಳಿಗೆ ‘ಪಟ್ಟಿ ಮೇಡಂ’ ಎಂದೇ ಹೆಸರು ಬಿದ್ದಿತ್ತು. ಕಿರಾಣಿ ಅಂಗಡಿಯಲ್ಲಿ ನಿಂತರೂ ಯಾರಾದರೂ ಕೇಳುತ್ತಿದ್ದರು: “ಮೇಡಂ, ಈ ಸಲ ಯಾರ್ ಯಾರ್ರಿ?”

ಅವಳ ಪಕ್ಕದಲ್ಲಿ ಬಸಯ್ಯ ಸರ್ ಕುಳಿತಿದ್ದರು. ಅವಳಿಗೆ ಕಬಡ್ಡಿ ಕಲಿಸಿದವರು, ಈಗ ನಿವೃತ್ತರು. ಎದುರಿನ ಸಾಲಿನಲ್ಲಿ ಸಂಗೊಳ್ಳಿಯ ರಾಣಿ ತನ್ನ ಕಾಲೇಜಿನ ಗೆಳತಿಯರ ನಡುವೆ ಕುಳಿತಿದ್ದಳು. ಬಿ.ಎ. ಕೊನೆಯ ವರ್ಷದ ಹುಡುಗಿ, ಒಳ್ಳೆಯ ರೈಡರ್. ಶೈಲಜಾಳ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಆದರೂ ಬಂದಿದ್ದಳು.

ಮೊದಲ ಹೆಸರು ಬಂತು. ಶೈಲಜಾ ಹೇಳಿದ್ದೇ ಹೆಸರು. ಎರಡನೆಯದೂ ಅದೇ. ಮೂರನೆಯದಕ್ಕೆ ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಹೆಸರುಗಳಷ್ಟೇ ಅಲ್ಲ, ಅವು ಬಂದ ಕ್ರಮ ಕೂಡ ಅವಳು ಬರೆದ ಕ್ರಮವೇ. ನಾಲ್ಕನೆಯ ಸುತ್ತಿಗೆ ನಿರೂಪಕಿ ಚೀಟಿ ಬಿಡಿಸಿ ಓದಿದಳು:

“ಮಲಪ್ರಭಾ ಪಡೆಯ ನಾಲ್ಕನೇ ಆಯ್ಕೆ, ರಾಮದುರ್ಗ ಕಾಲೇಜಿನ ಭಾಗೀರಥಿ!”

ಚಪ್ಪಾಳೆಯ ಸದ್ದಿಗೆ ತಗಡಿನ ಮಾಡು ಗಡಗಡ ಎಂದಿತು. ಶೈಲಜಾ ಮಾತ್ರ ಕೈ ಎತ್ತಲಿಲ್ಲ. ಭಾಗೀರಥಿ ಓದುತ್ತಿದ್ದುದು ಸವದತ್ತಿಯ ಕಾಲೇಜಿನಲ್ಲಿ. ‘ರಾಮದುರ್ಗ’ ಎಂದು ಬರೆದದ್ದು ಶೈಲಜಾಳ ಕೈತಪ್ಪು. ಪಟ್ಟಿ ಹಾಕಿದ ಮರುದಿನವೇ ಅದು ಕಣ್ಣಿಗೆ ಬಿದ್ದಿತ್ತು. ಮತ್ತೆ ಯಾರು ತಿದ್ದುವುದು ಎಂದು ಹಾಗೇ ಬಿಟ್ಟಿದ್ದಳು. ಆ ತಪ್ಪು ಜಗತ್ತಿನಲ್ಲಿ ಒಂದೇ ಕಡೆ ಇತ್ತು, ಅವಳ ಪಟ್ಟಿಯಲ್ಲಿ.

ಈಗ ಅದು ತಂಡದ ಚೀಟಿಯಿಂದ ಹೊರಬಂದಿತ್ತು.

ಐದನೆಯ ಹೆಸರನ್ನು ಅವಳು ಕೇಳಿಸಿಕೊಳ್ಳಲೇ ಇಲ್ಲ. ಯಾರೋ ಅವಳ ಕೊರಳಿಗೆ ಹಾರ ಹಾಕಿದರು. ಯಾರೋ ಬಾಯಿಗೆ ಪೇಢೆ ಇಟ್ಟರು. ಅವಳು ಅದನ್ನು ಹೊರತೆಗೆದು ಕೈಯಲ್ಲಿ ಹಿಡಿದು ಕೂತಳು. ಎದುರಿನ ಸಾಲಿನಿಂದ ರಾಣಿ ಎದ್ದಳು. ಅಳಲಿಲ್ಲ. ಚಪ್ಪಲಿ ಹುಡುಕಿ ಹಾಕಿಕೊಂಡು ಗುಂಪಿನ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು.

ಬಸಯ್ಯ ಸರ್ ಶೈಲಜಾಳ ಮುಖ ನೋಡಿದರು. “ಯಾಕ ಶೈಲಾ? ಮೈಯಾಗ ಆರಾಮ ಇಲ್ಲೇನು?”

“ಸರ್, ಒಂದ ಫೋನ್ ಹಚ್ಚಿ ಬರತೇನ್ರಿ,” ಎಂದು ಹಿತ್ತಲ ಬಾಗಿಲಿನಿಂದ ಹೊರಬಿದ್ದಳು.

ಮಲಪ್ರಭಾ ಪಡೆಯಲ್ಲಿ ಆಟಗಾರ್ತಿಯರ ಆಯ್ಕೆ ನೋಡಿಕೊಳ್ಳುತ್ತಿದ್ದವನು ಸುನೀಲ. ಹೋದ ವರ್ಷ ಅವಳಿಗೆ ಫೋನು ಮಾಡಿ ಅಭಿನಂದಿಸಿದ್ದ; ನಂಬರು ಹಾಗೇ ಉಳಿದಿತ್ತು. ಮೊದಲ ರಿಂಗಿಗೇ ಎತ್ತಿದ.

“ಅಕ್ಕಾರ! ನಾನ ನಿಮಗ ಹಚ್ಚಬೇಕಂತಿದ್ದೆ ನೋಡ್ರಿ. ಐದಕ್ಕ ಐದು!”

“ಸುನೀಲ ಅವ್ರ, ಭಾಗೀರಥಿ ಸವದತ್ತಿ ಹುಡುಗಿ. ನಿಮ್ಮ ಚೀಟ್ಯಾಗ ರಾಮದುರ್ಗ ಅಂತ ಹೆಂಗ ಬಂತ್ರಿ?”

“ಹೌದೇನ್ರಿ? ಅದು… ನಿಮ್ಮ ಪಟ್ಟಿಯಿಂದ ಇಳಿಸ್ಕೊಂಡ್ವಿ. ಹಂಗ ಬಂದ್ಬಿಟ್ಟಿರಬೇಕು.”

“ನನ್ನ ಪಟ್ಟಿಯಿಂದ ಅಂದ್ರ?”

“ಮತ್ತ ನಮ್ಮ ಹತ್ರ ಇನ್ಯಾವ ಪಟ್ಟಿ ಐತ್ರಿ?” ಸುನೀಲ ನಕ್ಕ. ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ, ಮುಚ್ಚುಮರೆಯೂ ಇರಲಿಲ್ಲ. “ನಿಮಗ ಗೊತ್ತಿರಬೇಕು ಅಂತ ತಿಳ್ಕೊಂಡಿದ್ದೆ. ಮೊದಲನೇ ವರ್ಷ ನಮ್ಮ ಕೋಚ್ ಅರ್ಧಕ್ಕ ಬಿಟ್ಟು ಹೋದ್ರು. ನನಗ ಕಬಡ್ಡಿ ಅಷ್ಟಕ್ಕಷ್ಟ. ನಿಮ್ಮ ವಿಡಿಯೋ ನೋಡಿದೆ, ಎಷ್ಟ ಚಂದ ಬಿಡಿಸಿ ಹೇಳಿದ್ರಿ. ಅದರಾಗಿಂದ ಮೂರ ಹೆಸರ ತಗೊಂಡೆ. ಆ ಮೂವರೂ ಭಾರಿ ಆಡಿದ್ರು. ಮಾಲಕರು ಬೆನ್ನ ಚಪ್ಪರಿಸಿದ್ರು. ಆಮ್ಯಾಲ ನಾ ಯಾಕ ಊರೂರು ತಿರಗಲಿ, ಹೇಳ್ರಿ?”

ನಾಲ್ಕು ವರ್ಷ ಶೈಲಜಾ ಮಲಪ್ರಭಾ ಪಡೆಯ ಮನಸ್ಸು ಓದುತ್ತಿದ್ದೇನೆ ಎಂದುಕೊಂಡಿದ್ದಳು. ಓದಲು ಅಲ್ಲಿ ಯಾರ ಮನಸ್ಸೂ ಇರಲಿಲ್ಲ. ತಾನು ಆಡಿದ ಮಾತು ತನಗೇ ತಿರುಗಿ ಕೇಳುತ್ತಿತ್ತು, ಅಷ್ಟೆ.

“ಮತ್ತ ರಾಣಿ?” ಎಂದಳು. “ಸಂಗೊಳ್ಳಿ ರಾಣಿ?”

“ಹೆಸರ ಕೊಟ್ಟವ್ರೊಳಗ ಅಕಿ ಹೆಸರು ಮೊದಲ ಇತ್ತರಿ. ಕಾಲೇಜಿನವ್ರು ಕಳಿಸಿದ ಅಂಕಿ ನೋಡಿದ್ರ ಎಲ್ಲಾರಕಿಂತ ಮ್ಯಾಲ ಅಕೀನ ಇದ್ಲು. ಆದ್ರ ನೀವ ಹೇಳಿದ್ರಲ್ಲ, ಮೊಣಕಾಲಿಗೆ ಪೆಟ್ಟಾಗೇತಿ ಅಂತ. ಹೊಡದ ಹಾಕಿದೆ.”

ಶೈಲಜಾ ಹಾಗೆ ಹೇಳಿದ್ದು ನಿಜ. ಕಿತ್ತೂರಿನ ಪಂದ್ಯದಲ್ಲಿ ರಾಣಿ ಎರಡನೆಯ ಅರ್ಧ ಆಡದೆ, ಮೊಣಕಾಲ ಮೇಲೆ ಐಸಿನ ಚೀಲ ಇಟ್ಟುಕೊಂಡು ಕೂತದ್ದನ್ನು ಗ್ಯಾಲರಿಯ ಮೇಲಿನಿಂದ ಕಂಡಿದ್ದಳು. ‘ರಾಣಿ ಒಳ್ಳೆಯ ಆಟಗಾರ್ತಿ, ಆದರೆ ಕಾಲಿನ ಪೆಟ್ಟು ನೋಡಿ ಈ ತಂಡ ಹಿಂದೇಟು ಹಾಕಬಹುದು’ ಎಂದು ವಿಡಿಯೋದಲ್ಲಿ ಒಂದು ಮಾತು ಸೇರಿಸಿದ್ದಳು. ಅದು ರಾಣಿಯ ಬಗ್ಗೆ ಕೊಟ್ಟ ತೀರ್ಪಲ್ಲ. ಬೇರೆಯವರು ಏನು ಮಾಡಬಹುದು ಎಂಬ ಊಹೆ. ಆ ಬೇರೆಯವರು ಇರಲೇ ಇಲ್ಲ.

ಮರುದಿನ ಶಾಲೆಗೆ ರಜೆ ಹಾಕಿ ಅವಳು ಸಂಗೊಳ್ಳಿ ಬಸ್ಸು ಹತ್ತಿದಳು. ರಾಣಿಯ ಮನೆಯ ಮುಂದೆ ಅವಳ ತಾಯಿ ಶಟ್ಟೆವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತಿದ್ದಳು. ಪಟ್ಟಿ ಮೇಡಂ ಬಂದದ್ದು ನೋಡಿ ಗಡಬಡಿಸಿ ಎದ್ದಳು.

“ಬರ್ರಿ ಬರ್ರಿ, ಒಳಗ ಕುಂತ್ಕೋರಿ. ಏ ರಾಣಿ, ನೀರ ತಾ. ಇಕಿ ನಿನ್ನೆಯಿಂದ ರೊಟ್ಟಿ ಮುಟ್ಟಿಲ್ರಿ. ನೀವರ ಒಂದ ಮಾತ ಹೇಳ್ರಿ.”

ರಾಣಿ ತಂಬಿಗೆ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಶೈಲಜಾ ನೀರು ಕುಡಿಯದೆ ಎಲ್ಲವನ್ನೂ ಹೇಳಿದಳು. ಪಟ್ಟಿ, ರಾಮದುರ್ಗ ಎಂಬ ತಪ್ಪು, ಸುನೀಲನ ಫೋನು, ಮೊಣಕಾಲು. ಶಟ್ಟೆವ್ವನ ಕೈಯಲ್ಲಿದ್ದ ಮೆಣಸಿನಕಾಯಿ ಅಲ್ಲೇ ನಿಂತಿತು. ಅವಳಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ.

“ಮೊಣಕಾಲಿಗೆ ಏನಾಗೇತಿ ಇಕಿಗೆ?” ಎಂದು ಮಗಳತ್ತ ನೋಡಿದಳು.

“ಏನೂ ಆಗಿಲ್ಲಬೇ,” ಎಂದಳು ರಾಣಿ. ದನಿ ಸಣ್ಣಗಿತ್ತು. “ನಾವು ಇಪ್ಪತ್ತೊಂಬತ್ತು ಪಾಯಿಂಟ್ ಮುಂದಿದ್ವಿ. ಜೂನಿಯರ್ ಹುಡಗ್ಯಾರಿಗೆ ಆಡಾಕ ಕೊಡೂಣ ಅಂತ ನಮ್ಮ ಕಾಲೇಜ ಸರ್ ನನ್ನ ಕುಂಡ್ರಿಸಿದ್ರು. ಐಸ್ ನಂದಲ್ಲ. ಗೆಳತಿ ಮೊಣಕೈಗೆ ಬಡದಿತ್ತು. ಅಕಿ ನೀರ ಕುಡ್ಯಾಕ ಹ್ವಾದಾಗ ನಾ ತೊಡಿಮ್ಯಾಲ ಹಿಡ್ಕೊಂಡಿದ್ದೆ.”

ಶೈಲಜಾ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದಳು.

“ಮೇಡಂ, ನೀವು ಮ್ಯಾಲ ಕುಂತಿದ್ದು ನಾ ನೋಡಿದ್ದೆ,” ರಾಣಿ ಹೇಳಿದಳು. “ನಿಮಗ ಕೈನೂ ಮಾಡಿದ್ದೆ. ಹತ್ತು ಮೆಟ್ಟಲಾ ಇಳದು ಬಂದು ಕೇಳಿದ್ರ ಸಾಕಾಗಿತ್ತರಿ.”

“ಬಸ್ಸಿಗೆ ಹೊತ್ತಾಗಿತ್ತು ತಂಗಿ,” ಎಂದಳು ಶೈಲಜಾ. ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದು ಎಂದು ಅವಳಿಗೇ ಗೊತ್ತಾಯಿತು. “ತಪ್ಪಾತು. ನಂದ ತಪ್ಪಾತು.”

ರಾಣಿ ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ.

ಅವತ್ತು ಸಂಜೆ ಶೈಲಜಾ ಬಸಯ್ಯ ಸರ್ ಮನೆಗೆ ಹೋಗಿ ನಡೆದದ್ದೆಲ್ಲ ಹೇಳಿದಳು. ಅವರು, “ಹೋದ ವರ್ಷ ಐದಕ್ಕ ಐದು ಹೊಂದಿದಾಗ ನನಗ ಸಂಶಯ ಬಂದಿತ್ತು. ನಿನ್ನ ಸಂತೋಷ ಯಾಕ ಕೆಡಸಬೇಕಂತ ಹೇಳಲಿಲ್ಲ,” ಎಂದರು. ಅದನ್ನು ಕೇಳಿ ಅವಳು ತಲೆಯೆತ್ತಿ ಅವರನ್ನೇ ದಿಟ್ಟಿಸಿದಳು. ಅವರು ಬೇರೆ ಕಡೆ ನೋಡಿದರು. ಆಮೇಲೆ, “ಸೀಸನ್ ಸುರು ಆಗೂದರೊಳಗ ತಂಡದವ್ರು ಇನ್ನೊಬ್ಬಾಕಿನ್ನ ಹೆಚ್ಚಿಗಿ ತಗೋಬಹುದು. ಅಂಥಾದ್ದೊಂದು ನೇಮ ಐತಿ. ಆ ಸುನೀಲಗ ಬಂದ ನೋಡಂತ ಹೇಳು. ಕಣ್ಣಲೆ ನೋಡಂತ ಹೇಳು,” ಎಂದರು.

ಶೈಲಜಾ ಮೊದಲು ವಿಡಿಯೋ ಮಾಡಿದಳು. ನಾಲ್ಕೇ ನಿಮಿಷದ್ದು. ರಾಣಿಯ ಕಾಲಿಗೆ ಯಾವ ಪೆಟ್ಟೂ ಆಗಿಲ್ಲ, ತಾನು ವಿಚಾರಿಸದೆ ಹೇಳಿದ್ದೆ, ತನ್ನ ಪಟ್ಟಿಯನ್ನು ಇನ್ನು ಯಾರೂ ನಂಬಬಾರದು ಎಂದು ಹೇಳಿದಳು. ಸುನೀಲನ ಹೆಸರೆತ್ತಲಿಲ್ಲ. ಆದರೂ ಮರುದಿನ ಬೆಳಿಗ್ಗೆ ಅವನೇ ಫೋನು ಮಾಡಿ, “ಏನ್ ಮಾಡಿದ್ರಿ ಅಕ್ಕಾರ, ಮಾಲಕರು ಕೇಳಾಕ ಹತ್ಯಾರ,” ಎಂದು ಗೋಗರೆದ. “ಹಂಗಾರ ಬಂದು ಅಕಿ ಆಟ ನೋಡ್ರಿ,” ಎಂದಳು ಅವಳು.

ಶನಿವಾರ ಅವನು ಬೈಲಹೊಂಗಲದ ಮೈದಾನಕ್ಕೆ ಬಂದ. ಇಸ್ತ್ರಿ ಅಂಗಿ, ಬೂಟು. ಮಣ್ಣು ತಾಗದಂತೆ ಅಂಗಳದ ಅಂಚಿನಲ್ಲಿ ನಿಂತ. ನಾಲ್ಕು ವರ್ಷದಲ್ಲಿ ಕಾಲೇಜು ಹುಡುಗಿಯರ ಆಟವನ್ನು ಅವನು ಎದುರಿಗೆ ನೋಡುತ್ತಿದ್ದದ್ದು ಇದೇ ಮೊದಲು. ರಾಣಿಯನ್ನು ಒಪ್ಪಿಸಿ ಕರೆತಂದವನು ಅವಳ ತಂದೆ ಯಮನಪ್ಪ. ಅವನು ಶೈಲಜಾಳಿಗೆ ನಮಸ್ಕಾರ ಮಾಡಲಿಲ್ಲ.

ರಾಣಿ ಇಪ್ಪತ್ತು ನಿಮಿಷ ಆಡಿದಳು. ಮೊದಲ ಎರಡು ರೈಡಿಗೆ ಸಿಕ್ಕಿಬಿದ್ದಳು. ಸಿಟ್ಟು ಕಾಲಿಗೆ ಇಳಿದಿತ್ತು. ಮೂರನೆಯ ಸಲ ಒಳಗೆ ಹೋದವಳು ಮೂಲೆಯ ಹುಡುಗಿಯನ್ನು ಮುಟ್ಟಿ, ಕಾಲು ಹಿಡಿದವಳನ್ನು ಎಳೆದುಕೊಂಡೇ ನಡುಗೆರೆಗೆ ಕೈ ಚಾಚಿದಳು. ಆಮೇಲೆ ಅವಳನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಒಂದು ರೈಡಿನಲ್ಲಿ ಮೂವರನ್ನು ಔಟ್ ಮಾಡಿ ಬಂದಾಗ ಯಮನಪ್ಪ ತಲೆಯ ಟೋಪಿ ತೆಗೆದು ಮುಖ ಒರೆಸಿಕೊಂಡ. ಮಗಳು ಆಡುವುದನ್ನು ಅವನೂ ನೋಡಿರಲಿಲ್ಲ.

ಆಟ ಮುಗಿಯಿತು. ಸುನೀಲ ಶೈಲಜಾಳ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಹೆಂಗ್ರಿ ಅಕ್ಕಾರ? ತಗೊಳ್ಳೂಣೇನು?”

ಅವಳು ಬೆಚ್ಚಿಬಿದ್ದಳು. ಇಷ್ಟೆಲ್ಲ ಆದ ಮೇಲೂ, ಕಣ್ಣೆದುರಿಗೇ ನಡೆದ ಆಟ ನೋಡಿದ ಮೇಲೂ, ಅವನು ಅವಳನ್ನೇ ಕೇಳುತ್ತಿದ್ದ.

“ನಾ ಏನೂ ಹೇಳೂದಿಲ್ಲ,” ಎಂದಳು. “ನೀವ ನೋಡಿದ್ರಿ. ನೀವ ಹೇಳ್ರಿ.”

ಸುನೀಲ ಮೊಬೈಲು ನೋಡಿದ, ಮೈದಾನ ನೋಡಿದ. ರಾಣಿ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಅವನ ಮುಂದೆ ಬಂದು ನಿಂತಳು. “ಸರ್, ನನ್ನ ಆಟದಾಗ ನಿಮಗ ಏನ್ ಚಲೋ ಅನಸ್ತರಿ?”

“ಎಲ್ಲಾ… ಎಲ್ಲಾ ಚಲೋನ ಇತ್ತಲ್ಲವಾ.” ಸುನೀಲ ಕಿವಿಯ ತನಕ ಕೆಂಪೇರಿದ. “ಖರೇ ಹೇಳಬೇಕಂದ್ರ, ನನಗ ತಿಳಿಯೂದಿಲ್ಲ. ಆದ್ರ ನೀ ಮೂರ ಮಂದೀನ್ನ ಹೊಡದ ಬಂದಾಗ ನನ್ನ ಎದಿ ಹಾರತು. ನೀ ಬಾ. ಮಾಲಕರಿಗೆ ನಾ ಹೇಳತೇನಿ.”

ಬೇಡ ಅನ್ನುತ್ತಾಳೆ ಎಂದು ಶೈಲಜಾ ಅಂದುಕೊಂಡಳು. ತಾನಾಗಿದ್ದರೆ ಅನ್ನುತ್ತಿದ್ದೆ. ರಾಣಿ ಅನ್ನಲಿಲ್ಲ.

“ಬರತೇನ್ರಿ,” ಎಂದಳು. “ಆಡಾಕಿ ನಾನು. ಆರಿಸವ್ರು ಯಾರರ ಇರಲಿ.”

ಹತ್ತು ದಿನಗಳ ಮೇಲೆ ರಾಣಿ ತಂಡದ ಶಿಬಿರ ಸೇರಿದಳು. ಹೋಗುವ ಮುನ್ನ ಬಸಯ್ಯ ಸರ್ ಕಾಲಿಗೆ ಬಿದ್ದು ಹೋದಳಂತೆ. ಶೈಲಜಾಳ ಮನೆಗೆ ಬರಲಿಲ್ಲ, ಶೈಲಜಾ ಕಾಯಲೂ ಇಲ್ಲ. ಅವಳು ಹಳೆಯ ವಿಡಿಯೋಗಳನ್ನು ಒಂದೊಂದಾಗಿ ತೆಗೆದು ನೋಡುತ್ತಿದ್ದಳು. ಪಟ್ಟಿಗೆ ಸೇರಿಸದ ಹುಡುಗಿಯರ ಬಗ್ಗೆ ತಾನು ನಗುನಗುತ್ತ ಆಡಿದ ಒಂದೊಂದು ಸಾಲಿನ ಮಾತುಗಳು ಅಲ್ಲಿದ್ದವು. ‘ಎತ್ತರ ಸಾಲದು.’ ‘ಮನೆಯವರು ಕಳಿಸಲಿಕ್ಕಿಲ್ಲ.’ ಹೋದ ವರ್ಷದ್ದರಲ್ಲಿ ಹೂಲಿಯ ಮಲ್ಲವ್ವ ಎಂಬ ಕೊನೆಯ ವರ್ಷದ ಹುಡುಗಿಯ ಬಗ್ಗೆ, ‘ಮದುವೆ ಗೊತ್ತಾಗಿದೆಯೆಂದು ಸುದ್ದಿ, ತಂಡ ಅವಳನ್ನು ಕೈಬಿಡಬಹುದು’ ಎಂದಿದ್ದಳು.

ಮುಂದಿನ ಭಾನುವಾರ ಅವಳು ಹೂಲಿಗೆ ಹೋದಳು. ವಿಳಾಸ ಕೇಳುತ್ತ ಹೋಗಿ ಬಾಗಿಲು ಬಡಿದಾಗ ತೆರೆದವಳು ಮಲ್ಲವ್ವನೇ. ಅಗಲ ಭುಜ, ಗಟ್ಟಿ ಕೈ. ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದಿದ್ದಳು. ಕೊರಳಲ್ಲಿ ಅಳತೆ ಟೇಪು ಜೋತಾಡುತ್ತಿತ್ತು. ತಾಳಿ ಇರಲಿಲ್ಲ.

“ನಿನ್ನ ಮದುವಿ…” ಎಂದಳು ಶೈಲಜಾ, ಅವಳ ಕೊರಳನ್ನೇ ನೋಡುತ್ತ.

“ನನ್ನ ಮದುವಿ? ಇಲ್ಲರಿ ಮೇಡಂ, ಹೋದ ವರ್ಷ ಮದುವಿ ಆದಾಕಿ ನಮ್ಮಕ್ಕ.” ಮಲ್ಲವ್ವ ನಗುತ್ತ ಬಾಗಿಲು ಅಗಲ ತೆರೆದಳು. “ಹೊರಗ್ಯಾಕ ನಿಂತ್ರಿ? ಒಳಗ ಬರ್ರಿ. ಏನ್ ಬಂದ್ರಿ?”